ಮಾವನ ಗಾಡಿಯ ನಾಲ್ಕು ಇಂಚು

ಹಳೇ ಪಿಕಪ್ ಗಾಡಿಯ ಛಾವಣಿ ತಗ್ಗಿಸುವುದು ಏನು ಮಹಾ ಬ್ರಹ್ಮವಿದ್ಯೆ? ಅಳೆಯಬೇಕು, ಕತ್ತರಿಸಬೇಕು, ಮತ್ತೆ ಅಂಟಿಸಬೇಕು. ಮೂರೇ ಕೆಲಸ. ಅದರಲ್ಲಿ ಮೊದಲನೆಯದಂತೂ ನನ್ನ ಹೊಟ್ಟೆಪಾಡು! ನೆಬ್ರಾಸ್ಕಾದ ವಿಲೋ ಬೆಂಡ್ ಎಂಬ ನಮ್ಮೂರಿನ ಧಾನ್ಯದ ಉಗ್ರಾಣದಲ್ಲಿ, ಲಾರಿ ತೂಗುವ ಕಾಟಾದ ಮುಂದೆ ಇಪ್ಪತ್ತಾರು ವರ್ಷ ಕುಳಿತವನು ನಾನು. ಮೆಕ್ಕೆಜೋಳದ ಲಾರಿ ತಿರುವಿನಲ್ಲಿ ಕಾಣಿಸಿಕೊಂಡರೆ ಸಾಕು, ಕಣ್ಣಳತೆಯಲ್ಲೇ ತೂಕ ಹೇಳಬಲ್ಲೆ. ಇಂಥ ಡೆಲ್ಬರ್ಟ್ ರೀಟ್ಸ್‌ಗೆ ನಾಲ್ಕು ಇಂಚು ತಗಡು ಒಂದು ಲೆಕ್ಕವೇ? ಹೀಗೆಂದು ಜೂನ್ ತಿಂಗಳ ಮೊದಲ ಶನಿವಾರ ನಮ್ಮ ಗ್ಯಾರೇಜಿನಲ್ಲಿ ಎರಡೂ ಕೈ ಸೊಂಟದ ಮೇಲಿಟ್ಟುಕೊಂಡು ಗಟ್ಟಿಯಾಗಿ ಘೋಷಿಸಿದೆ. ಕೇಳಿಸಿಕೊಂಡದ್ದು ಆ ಗಾಡಿ ಒಂದೇ. ಪಾಪ, ಓಡಿಹೋಗೋಣವೆಂದರೆ ಅದರ ಬ್ಯಾಟರಿಯನ್ನು ನಾನಾಗಲೇ ಬಿಚ್ಚಿಟ್ಟಿದ್ದೆ.

ಗಾಡಿ ನನ್ನದಲ್ಲ, ನನ್ನ ಮಾವನದು. ಎಮಿಲ್ ಕುಚೇರಾ ಎಂದರೆ ನಮ್ಮ ಕೌಂಟಿಯಲ್ಲಿ ದನ ಸಾಕುವವರೆಲ್ಲ ಒಂದು ಹೆಜ್ಜೆ ಹಿಂದೆ ಸರಿದು ದಾರಿ ಬಿಡುತ್ತಾರೆ. ಎಂಬತ್ತನಾಲ್ಕು ವರ್ಷ, ಆರು ಅಡಿ ಮೂರು ಇಂಚು, ಬೆನ್ನು ಇನ್ನೂ ನೆಟ್ಟಗೆ. ಮಾತು ಮಾತ್ರ ಬಲು ದುಬಾರಿ. ೧೯೫೧ರ ಆ ಪಿಕಪ್ ಅನ್ನು ಅವರು ಮದುವೆಯ ವರ್ಷ ಯಾರಿಂದಲೋ ಕೊಂಡರು. ಆಗಲೇ ಅದಕ್ಕೆ ಹನ್ನೊಂದು ವರ್ಷ ವಯಸ್ಸಾಗಿತ್ತು. ನಮ್ಮ ಅತ್ತೆ ಬ್ಲಾಂಚ್ ಚರ್ಚಿನ ಮೆಟ್ಟಿಲಿಳಿದು ಮದುಮಗಳಾಗಿ ಹತ್ತಿದ್ದು ಅದೇ ಗಾಡಿ. ನನ್ನ ಹೆಂಡತಿ ವರ್ನಾ ಹುಟ್ಟಿ ಆಸ್ಪತ್ರೆಯಿಂದ ಮನೆಗೆ ಬಂದದ್ದೂ ಅದರಲ್ಲೇ. ಅತ್ತೆ ತೀರಿಹೋಗಿ ಆರು ವರ್ಷವಾಯಿತು. ಗಾಡಿ ಇತ್ತು, ಮಾವ ಇದ್ದರು.

ಪ್ರತಿ ಜುಲೈ ತಿಂಗಳಲ್ಲಿ ನಮ್ಮೂರಲ್ಲಿ ‘ಹಳಬರ ದಿನ’ ಎಂದು ಒಂದು ಮೆರವಣಿಗೆ. ಮುಂದೆ ಒಬ್ಬ ಹಿರಿಯರು, ಹಿಂದೆ ಶಾಲೆಯ ಬ್ಯಾಂಡು, ಅಗ್ನಿಶಾಮಕದವರ ಕೆಂಪು ಗಾಡಿ, ಆಮೇಲೆ ಊರಲ್ಲಿರುವ ಟ್ರ್ಯಾಕ್ಟರುಗಳೆಲ್ಲ. ಆ ವರ್ಷ ಮುಂದಾಳಾಗಿ ಮಾವನನ್ನು ಆರಿಸಿದ್ದರು. ಇನ್ನೊಂದು ಸಂಗತಿಯೂ ಇತ್ತು. ಆಗಸ್ಟಿನಲ್ಲಿ ಅವರ ಗಾಡಿ ಓಡಿಸುವ ಲೈಸೆನ್ಸ್ ಮುಗಿಯುತ್ತಿತ್ತು. ಕಣ್ಣು ಮಂಜಾಗಿದೆ, ಇನ್ನು ಬೇಡ ಎಂದು ತಾವೇ ತೀರ್ಮಾನಿಸಿದ್ದರು. ಗಾಡಿಯನ್ನು ನಮ್ಮ ಗ್ಯಾರೇಜಿಗೆ ತಂದು ನಿಲ್ಲಿಸಿ ಬೀಗದ ಕೈ ನನ್ನ ಅಂಗೈಯಲ್ಲಿಟ್ಟು ಅವರು ಆ ತಿಂಗಳಿಗಾಗುವಷ್ಟು ಮಾತಾಡಿದರು.

“ಬ್ರೇಕ್ ಸರಿ ಮಾಡು. ಛಾವಣಿ ಸೋರುತ್ತೆ, ಅದನ್ನ ನಿಲ್ಲಿಸು. ಕೊನೇ ಸಲ ನನ್ನ ಗಾಡೀನ ನಾನೇ ಓಡಿಸ್ಕೊಂಡು ಮೆರವಣಿಗೇಲಿ ಹೋಗಬೇಕು. ಆಮೇಲೆ ಅದು ನಿಂದು, ಡೆಲ್.”

ಎರಡೇ ಕೆಲಸ, ಗಮನಿಸಿ. ಬ್ರೇಕು, ಸೋರಿಕೆ. ಮಳೆ ಬಂದರೆ ಛಾವಣಿಯ ಒಂದು ತೂತಿನಿಂದ ನೀರು ಸರಿಯಾಗಿ ಅವರ ಟೋಪಿಯ ಮೇಲೆ ತೊಟ್ಟಿಕ್ಕುತ್ತಿತ್ತು. ಒಂದು ಚಮಚ ಅಂಟು ಸಾಕಾಗಿತ್ತು. ಆದರೆ ನನಗೆ ಕೇಳಿಸಿದ್ದು ಕೊನೆಯ ಮಾತು ಮಾತ್ರ. ಅದು ನಿಂದು, ಡೆಲ್! ಹದಿನಾರನೇ ವಯಸ್ಸಿನಿಂದ ನನಗೊಂದು ಹುಚ್ಚು. ತಗ್ಗು ಛಾವಣಿಯ ಹಳೇ ಪಿಕಪ್, ಕಣ್ಣು ಕಿರಿದು ಮಾಡಿ ನೋಡುವಂಥ ಕಿಟಕಿ, ನೆಲಕ್ಕೆ ಹತ್ತಿದಂತೆ ಓಡುವ ಮೈಕಟ್ಟು. ಅಂಥದ್ದು ನನ್ನದಾಗಬೇಕು ಎಂದು ನಲವತ್ತು ವರ್ಷ ಪತ್ರಿಕೆಗಳಲ್ಲಿ ಚಿತ್ರ ನೋಡಿ ನಿಟ್ಟುಸಿರು ಬಿಟ್ಟಿದ್ದೆ. ಹೇಗೂ ಆಮೇಲೆ ನನ್ನದೇ ತಾನೇ, ಒಂದು ತಿಂಗಳು ಮುಂಚೆ ಶುರು ಮಾಡಿದರೆ ತಪ್ಪೇನು? ಮಾವ ಮೆರವಣಿಗೆಯ ಮುಂದೆ ಆ ಗಾಡಿಯಲ್ಲಿ ಹೊರಟರೆ ಊರು ಬಾಯಿ ಬಿಟ್ಟುಕೊಂಡು ನೋಡಬೇಕು! ಆ ಒಂದು ವಿಷಯದಲ್ಲಿ ನನ್ನ ಮಾತು ನಿಜವಾಯಿತು, ಒಪ್ಪಿಕೊಳ್ಳುತ್ತೇನೆ.

ಹಾಗಂತ ನಾನೇನು ಅವಿವೇಕಿಯಲ್ಲ. ಆರು ಅಡಿ ಮೂರು ಇಂಚಿನ ಮನುಷ್ಯನ ತಲೆ ಛಾವಣಿಗೆ ತಗುಲಬಾರದಲ್ಲ. ಅಳತೆ ಬೇಕು, ಆದರೆ ಗುಟ್ಟಾಗಿ ಬೇಕು. ಭಾನುವಾರ ಚರ್ಚು ಮುಗಿಸಿ ಮಾವ ನಮ್ಮ ಮನೆಗೇ ಊಟಕ್ಕೆ ಬರುವುದು ವಾಡಿಕೆ. ಹುರಿದ ಕೋಳಿ, ಕಿವುಚಿದ ಆಲೂಗಡ್ಡೆ, ಬೀನ್ಸು. ಅವರು ಒಳಗೆ ಬಂದವರೇ ಎಂದಿನಂತೆ ಟೋಪಿ ತೆಗೆದು ಫ್ರಿಜ್ಜಿನ ಮೇಲೆ ಅಂಗಾತ ಇಟ್ಟು, ಗೋಡೆಗೆ ಬೆನ್ನು ಕೊಟ್ಟು ತಮ್ಮ ಕುರ್ಚಿಯಲ್ಲಿ ಕುಳಿತರು. ನಾನು ಸಾರಿನ ಬಟ್ಟಲು ತರುವ ನೆಪದಲ್ಲಿ ಅವರ ಹಿಂದೆ ಸುಳಿದು, ನೆತ್ತಿಯ ಮಟ್ಟಕ್ಕೆ ಗೋಡೆಯ ಮೇಲೆ ಪೆನ್ಸಿಲಿನಿಂದ ಒಂದು ಗೆರೆ ಎಳೆದೆ.

“ಡೆಲ್, ನನ್ನ ಗೋಡೆ ಮೇಲೆ ಏನು ಬರೀತಿದ್ದೀಯ?” ಎಂದಳು ವರ್ನಾ.

“ಗೋಡೆ ವಾಲಿದೆಯಾ ಅಂತ ನೋಡ್ತಿದ್ದೆ.”

“ಗೋಡೆ ನೆಟ್ಟಗೇ ಇದೆ. ವಾಲಿರೋದು ನೀನು. ಕೂತ್ಕೊಂಡು ತಿನ್ನು.”

ಅವರು ಹೋದ ಮೇಲೆ ಟೇಪು ಹಿಡಿದೆ. ಕುರ್ಚಿಯಿಂದ ನೆತ್ತಿಗೆ ಮೂವತ್ತೇಳು ಇಂಚು. ಗಾಡಿಯ ಸೀಟಿನಿಂದ ಛಾವಣಿಗೆ ನಲವತ್ತೆರಡು. ಅಂದರೆ ಮಾವನ ತಲೆಯ ಮೇಲೆ ಐದು ಇಂಚು ಬರೀ ಗಾಳಿ! ಅರುವತ್ತು ವರ್ಷದಿಂದ ಈ ಮನುಷ್ಯ ದಂಡವಾಗಿ ಗಾಳಿ ಹೊತ್ತುಕೊಂಡು ತಿರುಗಿದ್ದಾರೆ! ನಾಲ್ಕು ಇಂಚು ತೆಗೆದರೂ ಒಂದು ಇಂಚು ಉಳಿಯುತ್ತದೆ. ಅಡುಗೆಮನೆಯಲ್ಲಿ ನಿಂತು ನನ್ನ ಬುದ್ಧಿಗೆ ನಾನೇ ಮೆಚ್ಚಿ ಇನ್ನೊಂದು ಕೋಳಿ ಕಾಲು ತಿಂದೆ. ಆ ಗಾಳಿಯಲ್ಲಿ ಒಬ್ಬ ಹಳೇ ಬಾಡಿಗೆದಾರ ಇದ್ದಾನೆ, ಊಟದ ಹೊತ್ತಿಗೆ ಮಾತ್ರ ಅವನು ಫ್ರಿಜ್ಜಿನ ಮೇಲೆ ಹೋಗಿ ಕೂರುತ್ತಾನೆ ಎಂಬುದು ನನಗೆ ಹೊಳೆಯಲೇ ಇಲ್ಲ.

ನನ್ನ ಅದೃಷ್ಟಕ್ಕೆ, ಅಂದರೆ ದುರದೃಷ್ಟಕ್ಕೆ, ಮರುದಿನವೇ ವರ್ನಾ ನಾಲ್ಕು ದಿನದ ಮಟ್ಟಿಗೆ ತಂಗಿಯ ಮನೆಗೆಂದು ಲಿಂಕನ್‌ಗೆ ಹೋದಳು. ಅವಳ ಕಾರು ತಿರುವು ದಾಟುತ್ತಲೇ ನಾನು ಗೇಲನ್‌ಗೆ ಫೋನ್ ಮಾಡಿದೆ. ಗೇಲನ್ ನನ್ನ ಶಾಲೆಯ ಗೆಳೆಯ. ಗುದ್ದಿಕೊಂಡ ಗಾಡಿಗಳ ಮೈ ನೆಟ್ಟಗೆ ಮಾಡುವುದು ಅವನ ಕಸುಬು. ವೆಲ್ಡಿಂಗ್ ಯಂತ್ರ ಹೊತ್ತು ತಂದವನು ಗಾಡಿಯನ್ನು ನೋಡಿದ, ನನ್ನನ್ನು ನೋಡಿದ, ಮತ್ತೆ ಗಾಡಿಯನ್ನು ನೋಡಿದ.

“ಎಮಿಲ್‌ನ ಕೇಳಿದ್ದೀಯಾ?”

“ಇಲ್ಲ. ಅವರಿಗೆ ಆಶ್ಚರ್ಯ ಕೊಡೋಣ ಅಂತ.”

“ಕೊಡ್ತೀಯ ಬಿಡು,” ಎಂದು ಅವನು ಕನ್ನಡಕ ಹಾಕಿಕೊಂಡ.

ಕೆಲಸ ಶುರುವಾಯಿತು. ಕ್ಯಾಬಿನ್ನಿನ ಒಳಗೆ ಅಡ್ಡಕಂಬಿಗಳನ್ನು ಕೊಟ್ಟು ಬಿಗಿ ಮಾಡಿದೆವು, ಛಾವಣಿ ಹೊತ್ತ ಕಂಬಗಳ ಮೇಲೆ ನೀಲಿ ಟೇಪು ಸುತ್ತಿ ಗುರುತು ಹಾಕಿದೆವು. ಎಡಗಡೆ ಗೇಲನ್, ಬಲಗಡೆ ನಾನು. ತಗಡು ಕತ್ತರಿಸುವ ಗ್ರೈಂಡರ್ ಹಚ್ಚಿದಾಗ ಹೊರಟ ಸದ್ದು ಇದೆಯಲ್ಲ, ಅದು ಈಗಲೂ ಒಮ್ಮೊಮ್ಮೆ ಊಟದ ನಡುವೆ ಕಿವಿಗೆ ಬರುತ್ತದೆ. ಆಗ ಮಾತ್ರ ಅದು ನನಗೆ ಸಂಗೀತವಾಗಿತ್ತು. ಕಿಡಿ ಹಾರುತ್ತಿದ್ದರೆ ನಾನು ಶಿಳ್ಳೆ ಹಾಕುತ್ತಿದ್ದೆ! ಗೇಲನ್ ಟೇಪಿನ ಮೇಲಂಚಿಗೆ ಕತ್ತರಿಸಿದ. ಅಳತೆಯ ಮಹಾಪಂಡಿತನಾದ ನಾನು ಕೆಳಗಿನ ಅಂಚಿಗೆ ಕತ್ತರಿಸಿದೆ. ಟೇಪಿನ ಅಗಲ ಮುಕ್ಕಾಲು ಇಂಚು. ಛಾವಣಿ ಎತ್ತಿ ತಗ್ಗಿಸಿ ಕೂರಿಸಿದರೆ ಗಾಡಿ ಏನೋ ಗುಟ್ಟು ಕೇಳಿಸಿಕೊಳ್ಳುವವರ ಹಾಗೆ ಒಂದು ಕಡೆಗೆ ಬಾಗಿ ನಿಂತಿತು.

ಅದನ್ನು ಸರಿ ಮಾಡಿದರೆ ಇನ್ನೊಂದು. ಮುಂದಿನ ಕಂಬಗಳು ಹಿಂದಕ್ಕೆ ವಾಲಿರುತ್ತವೆ, ಹಿಂದಿನವು ಮುಂದಕ್ಕೆ. ನಡುವಿನ ತುಂಡು ತೆಗೆದು ಮೇಲಿನದನ್ನು ಕೆಳಗಿಳಿಸಿದರೆ ಎಲ್ಲಿಯದು ಎಲ್ಲಿಗೂ ಕೂಡುವುದಿಲ್ಲ. ಛಾವಣಿಯನ್ನೇ ಅಡ್ಡ ಸೀಳಿ ನಡುವೆ ಪಟ್ಟಿ ಸೇರಿಸಿ ಉದ್ದ ಮಾಡಬೇಕು ಎಂದ ಗೇಲನ್. ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದರೆ, ನೀನು ಕೇಳಲಿಲ್ಲ ಎಂದ. ಸೀಳಿದೆವು. ಗಾಜು ಕೂರಲಿಲ್ಲ, ಗಾಜು ಕತ್ತರಿಸಿದೆವು. ಒಂದು ಒಡೆಯಿತು. ಬಾಗಿಲು ಮುಚ್ಚಲಿಲ್ಲ, ಬಾಗಿಲನ್ನೂ ಕತ್ತರಿಸಿದೆವು. ಕಿಡಿ ಬಿದ್ದು ದೀಪದ ತಂತಿ ಸುಟ್ಟಿತು, ಅದನ್ನು ನಾನೇ ಜೋಡಿಸಿದೆ. ಅಂದಿನಿಂದ ಎಂಜಿನ್ ಶುರು ಮಾಡಿದ ಕೂಡಲೇ ಮುಂದಿನ ಎರಡೂ ದೀಪ ಹತ್ತಿಕೊಳ್ಳುತ್ತಿದ್ದವು, ಏನು ಮಾಡಿದರೂ ಆರುತ್ತಿರಲಿಲ್ಲ. ಇರಲಿ, ಬೆಳಕು ಇದ್ದರೆ ನಷ್ಟವೇನು ಎಂದುಕೊಂಡೆ.

ನಾಲ್ಕನೆಯ ದಿನ ವರ್ನಾ ಬಂದಾಗ ಛಾವಣಿಯ ಅರ್ಧ ಭಾಗ ಅವಳ ಟೊಮೇಟೊ ಮಡಿಯ ಮೇಲಿತ್ತು. ಇನ್ನರ್ಧ ಎಲ್ಲಿದೆ ಎಂದು ಅವಳು ಹುಡುಕುತ್ತಾ ಗ್ಯಾರೇಜಿಗೆ ಬಂದಳು. ಬೋಳಾಗಿ ನಿಂತ ಗಾಡಿಯ ಸುತ್ತ ಒಂದು ಸುತ್ತು ಹಾಕಿದಳು. ಅಪ್ಪನ ಮಗಳು.

“ಅಪ್ಪ ಸೋರೋದು ನಿಲ್ಲಿಸು ಅಂದಿದ್ದು.”

“ನಿಂತಿದೆ ಕಣೇ.”

“ಹೌದು, ಛಾವಣಿನೇ ಇಲ್ದಿದ್ರೆ ಸೋರೋದು ಎಲ್ಲಿಂದ?” ಎಂದು ಅವಳು ಕೈಚೀಲ ಕೆಳಗಿಟ್ಟಳು. “ಅಲ್ಲ ಮಾರಾಯ, ಇದು ಇನ್ನೂ ಅಪ್ಪನ ಗಾಡಿ. ಅವರು ಒಂದು ಸಲ ಓಡಿಸೋ ತನಕ ತಡ್ಕೊಳ್ಳೋಕೆ ಆಗಲಿಲ್ವಾ ನಿಂಗೆ?”

ನಾನು ಗೋಡೆಯ ಗೆರೆಯ ವಿಷಯ ಹೇಳಿದೆ. ಅಳತೆ ಕರಾರುವಾಕ್ಕು, ತಲೆಯ ಮೇಲೆ ಒಂದು ಇಂಚು ಉಳಿಯುತ್ತದೆ, ಲೆಕ್ಕ ಹಾಕಿದ್ದೇನೆ ಎಂದು ಕಾಗದ ತೋರಿಸಿದೆ. ಅವಳು ಕಾಗದವನ್ನು ಓದಿದಳು. ಅದನ್ನು ಮಡಚಿ ನನ್ನ ಜೇಬಿಗೆ ತುರುಕಿ ಟೊಮೇಟೊ ಗಿಡಗಳ ಕಡೆ ಹೊರಟುಹೋದಳು. ಅವಳಿಗೂ ಆಗ ಹೊಳೆದಿರಲಿಲ್ಲ ಎಂದು ಆಮೇಲೆ ಹೇಳಿದಳು. ಅದೊಂದೇ ನನಗಿರುವ ಸಮಾಧಾನ.

ಮೆರವಣಿಗೆಗೆ ಆರು ದಿನ ಇರುವಾಗ, ಬ್ರೇಕೂ ಸರಿಯಾಗಿ, ಗಾಡಿ ಸಿದ್ಧವಾಯಿತು. ಹೇಳಬಾರದು, ಆದರೂ ಹೇಳುತ್ತೇನೆ: ಚೆನ್ನಾಗಿತ್ತು! ಹಸಿರು ಬಣ್ಣ, ತಗ್ಗು ಹಣೆ, ಕಿರಿದಾದ ಕಣ್ಣು. ನಾನು ಒಳಗೆ ಕೂತು ನೋಡಿದೆ. ಬೀಜದ ಅಂಗಡಿಯವರು ಬಿಟ್ಟಿ ಕೊಟ್ಟ, ತಲೆಗೆ ಅಂಟಿಕೊಂಡಂಥ ಬಟ್ಟೆಯ ಕ್ಯಾಪು ನನ್ನದು. ಎಲ್ಲೂ ತಗುಲಲಿಲ್ಲ. ಗೇಲನ್ ಕೂತ, ಅವನದೂ ಅಂಥದೇ ಕ್ಯಾಪು. ಅರಮನೆ ಇದ್ದ ಹಾಗಿದೆ ಎಂದೆವು. ಮಾವನನ್ನು ಕರೆಸಿದೆ.

ಮಾವ ಬಂದರು. ಗಾಡಿಯ ಸುತ್ತ ಒಂದು ಸುತ್ತು ಹಾಕಿದರು. ಬಾಗಿಲ ಮೇಲೆ ಕೈಯಾಡಿಸಿದರು, ವೆಲ್ಡಿಂಗ್ ಮಾಡಿದ ಜಾಗದಲ್ಲಿ ಬೆರಳು ಒಂದು ಗಳಿಗೆ ನಿಂತಿತು. ಬಾಗಿಲು ತೆರೆದು ಒಳಗೆ ಕಾಲಿಟ್ಟು ಕುಳಿತರು. ಠಪ್! ಅವರ ಎತ್ತರದ, ಅಗಲ ಅಂಚಿನ ಬೂದುಬಣ್ಣದ ಟೋಪಿ ಬಾಗಿಲಿನ ಮೇಲಂಚಿಗೆ ಬಡಿದು ನನ್ನ ಕಾಲ ಬಳಿ ಬಂದು ಬಿತ್ತು.

ಮಾವ ಇಳಿದರು, ಟೋಪಿ ಎತ್ತಿ ಮೊಣಕೈಯಿಂದ ಧೂಳು ಒರೆಸಿದರು. ಮತ್ತೆ ತಲೆ ಬಗ್ಗಿಸಿ ಹತ್ತಿದರು. ಈ ಸಲ ಟೋಪಿ ಒಳಗೆ ಹೋಯಿತು, ಆದರೆ ನೆಟ್ಟಗೆ ಕೂತ ಕೂಡಲೇ ಛಾವಣಿ ಅದನ್ನು ಅವರ ಮೂಗಿನ ತನಕ ಒತ್ತಿತು. ಹಾಗೇ ಸ್ಟಿಯರಿಂಗ್ ಹಿಡಿದು ಕುರುಡರಂತೆ ಒಂದು ನಿಮಿಷ ಕೂತಿದ್ದರು. ಆಮೇಲೆ ಟೋಪಿಯ ಅಡಿಯಿಂದ ದನಿ ಬಂತು.

“ಡೆಲ್, ಇದು ಕುಗ್ಗಿದೆ. ಬಿಸಿನೀರಲ್ಲಿ ಒಗೆದೆಯಾ?”

ಗೇಲನ್ ಕೆಮ್ಮು ಬಂದವನಂತೆ ಹೊರಗೆ ಹೋದ. ವರ್ನಾ ನನ್ನನ್ನು ನೋಡಿದಳು. ಆ ನೋಟವನ್ನು ಬರೆಯಲು ನನ್ನ ಬಳಿ ಪದವಿಲ್ಲ, ಬೇಕಾದರೆ ಗೇಲನ್‌ನನ್ನು ಕೇಳಿ, ಅವನಿಗೂ ಸ್ವಲ್ಪ ತಾಗಿತಂತೆ.

ನಮ್ಮ ಕಡೆಯ ದನಗಾಹಿಗಳ ಟೋಪಿಯ ಬಗ್ಗೆ ನಾನು ನಿಮಗೆ ಮೊದಲೇ ಹೇಳಬೇಕಿತ್ತು. ನನಗೇ ಯಾರೂ ನೆನಪಿಸಬೇಕಿರಲಿಲ್ಲ, ಮೂವತ್ತು ವರ್ಷ ಆ ಮನೆಯ ಅಳಿಯ! ಮಾವನ ಟೋಪಿ ತಲೆಯಿಂದ ಇಳಿಯುವುದು ಮೂರೇ ಕಡೆ. ದೇವರ ಮುಂದೆ, ಊಟದ ಮುಂದೆ, ಶವದ ಮುಂದೆ. ಉಳಿದಂತೆ ಹಟ್ಟಿಯಲ್ಲಿ, ಬ್ಯಾಂಕಿನಲ್ಲಿ, ಗಾಡಿಯಲ್ಲಿ, ಬಿಸಿಲಲ್ಲಿ, ಹಿಮದಲ್ಲಿ ಅದು ಅಲ್ಲೇ ಇರುತ್ತದೆ. ಇಡೀ ಜಗತ್ತಿನಲ್ಲಿ ಅವರ ಬೋಳು ನೆತ್ತಿಯ ಅಳತೆ ಸಿಗುವ ಒಂದೇ ಒಂದು ಮನೆಗೋಡೆ ಹುಡುಕಿ ಅಲ್ಲಿ ಗೆರೆ ಎಳೆದವನು ನಾನು. ಇನ್ನು ನನ್ನ ಕಾಟಾದ ಪಾಂಡಿತ್ಯದ ಬಗ್ಗೆ ಮಾತಾಡುವುದು ಬೇಡ.

ಉಳಿದ ಆರು ದಿನ ಉಪಾಯಗಳ ಮಳೆ ಸುರಿಸಿದೆ. ಸೀಟಿನ ಸ್ಪ್ರಿಂಗು ತೆಗೆದು ತೆಳ್ಳನೆಯ ಹಾಸು ಹಾಕಿದೆ. ಟೋಪಿಗೆ ಜಾಗವಾಯಿತು, ಆದರೆ ಮಾವನ ಮೊಣಕಾಲು ಗಲ್ಲಕ್ಕೆ ಬಂತು, ಮುಂದಿನ ರಸ್ತೆ ಮಾಯವಾಯಿತು. ಮೊದಲೇ ಮಂಜುಗಣ್ಣು! ಸ್ಪ್ರಿಂಗು ವಾಪಸು ಹಾಕಿದೆ. ನನ್ನ ಬೀಜದಂಗಡಿಯ ಕ್ಯಾಪನ್ನು ಒಗೆದು ಇಸ್ತ್ರಿ ಮಾಡಿ ಅವರ ಮುಂದೆ ಹಿಡಿದೆ. ಅವರು ಅದನ್ನು ತೆಗೆದುಕೊಂಡು, ಎರಡೂ ಕಡೆ ತಿರುಗಿಸಿ ನೋಡಿ, ಮರ್ಯಾದೆಯಿಂದ ನನ್ನ ತಲೆಯ ಮೇಲೇ ವಾಪಸು ಇಟ್ಟರು. ಊರಿನ ಮೇಯರ್ ತಮ್ಮ ತೆರೆದ ಕಾರು ಕೊಡುತ್ತೇನೆಂದು ಹೇಳಿಕಳಿಸಿದರು. ಮಾವ ಬೇಡವೆಂದರು. ಕೊನೆಗೆ ನನಗೆ ಛಾವಣಿಯಲ್ಲಿ ಒಂದು ದುಂಡನೆಯ ತೂತು ಕೊರೆದರೆ ಟೋಪಿ ಹೊರಗೆ ಇಣುಕಬಹುದು ಎಂಬ ದಿವ್ಯಜ್ಞಾನವಾಯಿತು. ಮಾತು ಮುಗಿಯುವುದರೊಳಗೆ ವರ್ನಾ ಗ್ರೈಂಡರನ್ನು ಎತ್ತಿಕೊಂಡು ಹೋಗಿ ಡೀಪ್ ಫ್ರೀಜರಿನಲ್ಲಿ ಹೆಪ್ಪುಗಟ್ಟಿದ ಜೋಳದ ಚೀಲಗಳ ಕೆಳಗೆ ಹೂತಿಟ್ಟು ಬೀಗ ಹಾಕಿದಳು.

ಮೆರವಣಿಗೆಯ ಹಿಂದಿನ ದಿನ ನಾನು ಮಾವನ ಮನೆಗೆ ಹೋದೆ. ಅವರು ಅಂಗಳದಲ್ಲಿ ಕುಳಿತು ಟೋಪಿಗೆ ಬ್ರಷ್ ಹಾಕುತ್ತಿದ್ದರು. ತಪ್ಪಾಯಿತು ಮಾವ, ನನ್ನ ಆಸೆಗೆ ನಿಮ್ಮ ಗಾಡಿ ಹಾಳು ಮಾಡಿದೆ ಎಂದು ಹೇಳಲು ಹೋದವನು ಅರ್ಧದಲ್ಲೇ ತೊದಲಿದೆ. ಅವರು ಬ್ರಷ್ ನಿಲ್ಲಿಸಲಿಲ್ಲ.

“ಬ್ಲಾಂಚ್‌ನ ಕರ್ಕೊಂಡು ಬಂದಿದ್ದು ಆ ಗಾಡೀಲಿ. ಅದರಲ್ಲೇ ಹೋಗ್ತೀನಿ. ಟೋಪಿ ವರ್ನಾ ಹಿಡ್ಕೊಳ್ಳಲಿ.”

ಅಷ್ಟೇ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ವಾಪಸು ಬರುವಾಗ ದಾರಿಯುದ್ದಕ್ಕೂ ಆ ಎರಡು ಕೆಲಸ ನೆನಪಾಗುತ್ತಿತ್ತು. ಬ್ರೇಕು, ಸೋರಿಕೆ. ಒಂದು ಚಮಚ ಅಂಟು.

ಶನಿವಾರ ಬೆಳಗ್ಗೆ ಹತ್ತು ಗಂಟೆ. ನಾನು ಹಾರ್ಡ್‌ವೇರ್ ಅಂಗಡಿಯ ಮುಂದೆ ಜನರ ನಡುವೆ ನಿಂತಿದ್ದೆ. ಮಡಚುವ ಕುರ್ಚಿ, ಐಸ್ ಹಾಕಿದ ನಿಂಬೆಪಾನಕ, ಬಾವುಟ, ಗದ್ದಲ. ತಿರುವಿನಲ್ಲಿ ಗಾಡಿ ಕಾಣಿಸಿತು. ನಡಿಗೆಯ ವೇಗ, ಹಗಲಲ್ಲೇ ಎರಡೂ ದೀಪ ಉರಿಯುತ್ತಿವೆ. ಒಳಗೆ ಮಾವ ನೆಟ್ಟಗೆ ಕೂತಿದ್ದಾರೆ. ನೆತ್ತಿಗೂ ಛಾವಣಿಗೂ ನಡುವೆ ಸರಿಯಾಗಿ ಒಂದು ಇಂಚು, ನನ್ನ ಲೆಕ್ಕ ತಪ್ಪಿರಲಿಲ್ಲ! ಮುಖ ಬಿಸಿಲಿಗೆ ಕಂದು, ಹುಬ್ಬಿನ ಮೇಲಿನಿಂದ ಹಾಲಿನಂತೆ ಬಿಳುಪು. ಅರುವತ್ತು ವರ್ಷ ಬಿಸಿಲು ಕಾಣದ ತಲೆ ಅದು. ಪಕ್ಕದಲ್ಲಿ ವರ್ನಾ, ಕಡುನೀಲಿ ಉಡುಪು, ಮಡಿಲಲ್ಲಿ ಅಪ್ಪನ ಟೋಪಿ, ಕಣ್ಣಲ್ಲಿ ನೀರು.

ನನ್ನ ಪಕ್ಕದಲ್ಲಿದ್ದ ಮುದುಕರೊಬ್ಬರು ಯಾರಪ್ಪ ಇದು ಎಂದು ಕಣ್ಣು ಕಿರಿದು ಮಾಡಿದರು. ಗುರುತು ಹತ್ತಿದ ಕೂಡಲೇ ಅವರ ಮುಖ ಬದಲಾಯಿತು. ಎಮಿಲ್ ಕುಚೇರಾ, ಟೋಪಿ ತೆಗೆದು! ದೀಪ ಹಚ್ಚಿಕೊಂಡು, ಮೆಲ್ಲಗೆ, ಮಗಳು ಅಳುತ್ತಾ! ನಮ್ಮ ಕಡೆ ಹಗಲಲ್ಲಿ ದೀಪ ಉರಿಸಿಕೊಂಡು ಹಾಗೆ ಹೊರಡುವ ಮೆರವಣಿಗೆ ಒಂದೇ, ಶವದ್ದು. ಮುದುಕರು ತಮ್ಮ ಟೋಪಿ ತೆಗೆದು ಎದೆಗೆ ಒತ್ತಿಕೊಂಡರು.

ಅವರನ್ನು ನೋಡಿ ಅವರ ಪಕ್ಕದವರು. ಅವರನ್ನು ನೋಡಿ ಬೀದಿಯ ಆಚೆಯವರು. ನೋಡನೋಡುತ್ತಿದ್ದಂತೆ ಬೀದಿಯುದ್ದಕ್ಕೂ ಟೋಪಿಗಳು ಇಳಿದವು. ಕುರ್ಚಿಯಲ್ಲಿದ್ದವರು ಎದ್ದು ನಿಂತರು. ತಾಯಂದಿರು ಮಕ್ಕಳ ಕೈಯಿಂದ ಪೀಪಿ ಕಿತ್ತುಕೊಂಡರು. ಶಾಲೆಯ ಬ್ಯಾಂಡು ಹಾಡಿನ ನಡುವೆ ಒಂದೊಂದೇ ವಾದ್ಯ ಉದುರಿ ನಿಂತುಹೋಯಿತು, ಕೊನೆಗೆ ಒಂದು ಡೋಲು ಮಾತ್ರ ಢಂ, ಢಂ ಎಂದು ಉಳಿಯಿತು. ಅಗ್ನಿಶಾಮಕದವರು ಸೈರನ್ ನಿಲ್ಲಿಸಿದರು. ಹಿಂದಿನ ಇಪ್ಪತ್ತು ಟ್ರ್ಯಾಕ್ಟರುಗಳವರು ಮುಂದಿನವರನ್ನು ನೋಡಿ ತಾವೂ ದೀಪ ಹಚ್ಚಿಕೊಂಡರು. ಎದುರಿನಿಂದ ಬರುತ್ತಿದ್ದ ಯಾರೋ ಪರವೂರಿನವರು ಕಾರನ್ನು ಬದಿಗೆ ನಿಲ್ಲಿಸಿ ಇಳಿದು ತಲೆ ಬಾಗಿಸಿ ನಿಂತರು. ಪಾದ್ರಿಗಳು ಗಾಬರಿಯಿಂದ ಜನರ ನಡುವೆ ಓಡಾಡುತ್ತಾ, ಯಾರು, ನನಗೆ ಯಾಕೆ ಹೇಳಲಿಲ್ಲ ಎಂದು ಕಿವಿಯಲ್ಲಿ ಕೇಳುತ್ತಿದ್ದರು. ಯಾರಿಗೂ ಗೊತ್ತಿಲ್ಲ, ಗೊತ್ತಿಲ್ಲವೆಂದು ಒಪ್ಪಿಕೊಳ್ಳಲು ಯಾರಿಗೂ ಮನಸ್ಸಿಲ್ಲ. ನಾನೂ ಕ್ಯಾಪು ತೆಗೆದೆ. ಇನ್ನೇನು ಮಾಡಲಿ?

ಮಾವ ಅತ್ತಿತ್ತ ನೋಡಲಿಲ್ಲ. ಒಂದೇ ವೇಗದಲ್ಲಿ ಬೀದಿಯ ಕೊನೆಯವರೆಗೆ ಹೋದರು. ಅವರು ಕೈ ಬೀಸಬೇಕಿತ್ತು, ಜನ ಹೆಸರು ಹಿಡಿದು ಕೂಗಬೇಕಿತ್ತು, ಅವರು ಟೋಪಿಯ ಅಂಚನ್ನು ಒಂದು ಸಲ ಬೆರಳಲ್ಲಿ ಮುಟ್ಟಿ ತಲೆಯಾಡಿಸಬೇಕಿತ್ತು. ಎಷ್ಟೋ ವರ್ಷದಿಂದ ಎದುರಿಗೆ ಸಿಕ್ಕವರಿಗೆಲ್ಲ ಹಾಗೆ ಮಾಡಿದವರು. ಕೊನೆಯ ಸಲ ಮಾಡಲು ಅವರ ತಲೆಯ ಮೇಲೆ ಜಾಗ ಇಟ್ಟಿರಲಿಲ್ಲ ನಾನು.

ಮನೆಗೆ ಬಂದು ಊಟಕ್ಕೆ ಕೂತಿದ್ದೆವು ಅಷ್ಟೇ, ಬಾಗಿಲು ಬಡಿದ ಸದ್ದು. ನಮ್ಮೂರಲ್ಲಿ ಸಾವಿನ ಮನೆಗೆ ಯಾರೂ ಬರಿಗೈಯಲ್ಲಿ ಬರುವುದಿಲ್ಲ. ಆಲೂಗಡ್ಡೆಯೋ ಶ್ಯಾವಿಗೆಯೋ, ಮೇಲೆ ಧಾರಾಳವಾಗಿ ಚೀಸ್ ಸುರಿದು ಒಲೆಯಲ್ಲಿ ಬೇಯಿಸಿದ ಒಂದು ಗಾಜಿನ ಪಾತ್ರೆ ತರುತ್ತಾರೆ. ಪಾತ್ರೆ ವಾಪಸು ಸಿಗಲೆಂದು ತಳಕ್ಕೆ ಹೆಸರಿನ ಚೀಟಿ ಅಂಟಿಸಿರುತ್ತಾರೆ. ಮೊದಲು ಬಂದವರು ಪಕ್ಕದ ಮನೆಯ ಮಿಸೆಸ್ ಟೆಸ್ಮರ್. ಎರಡು ಗಂಟೆಯೊಳಗೆ ಅಡುಗೆಮನೆಯ ಕಟ್ಟೆಯ ಮೇಲೆ ಹನ್ನೊಂದು ಪಾತ್ರೆಗಳಾದವು! ಬಂದವರೆಲ್ಲ ವರ್ನಾಳನ್ನು ತಬ್ಬಿಕೊಂಡರು, ನನ್ನ ಬೆನ್ನು ತಟ್ಟಿದರು, ದೇವರ ಇಚ್ಛೆ ಎಂದರು. ನಾವಿಬ್ಬರೂ ಎಲ್ಲಿಂದ ಶುರು ಮಾಡಿ ಹೇಳುವುದೆಂದು ತಿಳಿಯದೆ ತಲೆಯಾಡಿಸಿದೆವು. ಯಾರು ಸತ್ತದ್ದು ಎಂದು ಕೇಳುವ ಧೈರ್ಯ ಕೊನೆಗೆ ಮಿಸೆಸ್ ಟೆಸ್ಮರ್ ಅವರಿಗೇ ಬಂತು. ಗೋಡೆಯ ಪೆನ್ಸಿಲ್ ಗೆರೆಯ ಕೆಳಗೆ ಕುಳಿತು ಆಲೂಗಡ್ಡೆ ತಿನ್ನುತ್ತಿದ್ದ ಮಾವನ ಹತ್ತಿರ ಹೋಗಿ, ಮೆಲ್ಲಗೆ ಭುಜದ ಮೇಲೆ ಕೈಯಿಟ್ಟರು.

“ಎಮಿಲ್, ಯಾರು ಹೋಗಿದ್ದು?”

ಮಾವ ಅಗಿಯುವುದನ್ನು ಮುಗಿಸಿದರು.

“ನನ್ನ ಗಾಡಿ.”

ವರ್ನಾ ತಡೆದುಕೊಳ್ಳಲು ನೋಡಿದಳು. ಆಗಲಿಲ್ಲ. ನಗುತ್ತಾ ಅಳುತ್ತಾ ಪಾತ್ರೆ ತೊಳೆಯುವ ತೊಟ್ಟಿಯ ಮೇಲೆ ಬಗ್ಗಿಬಿಟ್ಟಳು. ಮಾವನ ತುಟಿಯ ತುದಿಯೂ ಸ್ವಲ್ಪ ಅಲುಗಿದ್ದನ್ನು ನಾನು ನೋಡಿದೆ. ನೋಡಿದೆ ಎಂದೇ ನಂಬಿಕೊಂಡಿದ್ದೇನೆ.

ಹೊರಡುವಾಗ ಅವರು ಫ್ರಿಜ್ಜಿನ ಮೇಲಿನಿಂದ ಟೋಪಿ ತೆಗೆದು ತಲೆಗಿಟ್ಟು, ಬೀಗದ ಕೈಯನ್ನು ಎರಡನೆಯ ಸಲ ನನ್ನ ಅಂಗೈಗೆ ಹಾಕಿದರು. “ಪಾತ್ರೆಗಳನ್ನ ನೀನೇ ವಾಪಸ್ ಕೊಟ್ಟು ಬಾ. ಗಾಡೀಲೇ ಹೋಗು. ನಿನ್ನ ತಲೆಗೆ ಅದು ಸರಿಯಾಗಿ ಹಿಡಿಸುತ್ತೆ.”

ಹೋದೆ. ಎರಡು ದಿನ ಬಿಟ್ಟು, ಹಗಲಲ್ಲೇ ದೀಪ ಉರಿಸಿಕೊಂಡು, ಪಕ್ಕದ ಸೀಟಿನಲ್ಲಿ ತೊಳೆದ ಹನ್ನೊಂದು ಗಾಜಿನ ಪಾತ್ರೆ ಗಲಗಲ ಅನ್ನಿಸಿಕೊಂಡು. ನಲವತ್ತು ವರ್ಷ ಕನಸು ಕಂಡ ಗಾಡಿಯಲ್ಲಿ ಅದು ನನ್ನ ಮೊದಲ ಸವಾರಿ. ಪ್ರತಿ ಮನೆಯ ಬಾಗಿಲಲ್ಲೂ ಕ್ಯಾಪು ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತೆ. ಪ್ರತಿ ಮನೆಯಲ್ಲೂ ಅದೇ ಪ್ರಶ್ನೆ, ಅದೇ ಉತ್ತರ. ಹನ್ನೊಂದನೆಯ ಮನೆ ಮೊನ್ನೆ ಬೀದಿಯಲ್ಲಿ ನನ್ನ ಪಕ್ಕ ನಿಂತಿದ್ದ ಆ ಮುದುಕರದು. ಅವರು ಪಾತ್ರೆ ತೆಗೆದುಕೊಂಡು, ರಸ್ತೆಯಲ್ಲಿ ನಿಂತ ಗಾಡಿಯನ್ನು ಕನಿಕರದಿಂದ ನೋಡಿದರು.

“ಅಯ್ಯೋ ಪಾಪ, ಗಟ್ಟಿಮುಟ್ಟಾಗೇ ಇತ್ತಲ್ಲಯ್ಯ. ಏನಾಯ್ತು ಅದಕ್ಕೆ?”

“ನನ್ನ ಕೈಗೆ ಸಿಕ್ತು,” ಎಂದೆ.